ಕೆನ್ನೆಗೆ ಒಂದು ಪುಟ, ಹಿಮ್ಮಡಿಗೆ ಅರ್ಧ ಸಾಲು

ಓದುಗರ ಪತ್ರ: ಚಿಕ್ಕಂದಿನಿಂದ ನನ್ನ ಕೆನ್ನೆಯಲ್ಲಿರುವ ಮಚ್ಚೆ ವಯಸ್ಸಾದಂತೆ ಉಬ್ಬುತ್ತಿದೆ. ಅದರಲ್ಲಿ ಕೂದಲೂ ಇದೆ. ‘ಮಚ್ಚೆಯೇ ಮುಂದೆ ಕ್ಯಾನ್ಸರ್ ಆಗುವುದು, ಲೇಸರ್‌ನಲ್ಲಿ ಸುಟ್ಟುಬಿಡೋಣ’ ಎನ್ನುತ್ತಾರೆ ಪಾರ್ಲರಿನವರು. ಸುಡಿಸಲೇ? ಅಂದಹಾಗೆ, ನಮ್ಮ ಅತ್ತೆಯ ಹಿಮ್ಮಡಿಯಲ್ಲೂ ಕಪ್ಪು ಕಲೆಯಿದೆ, ಆಣಿ ಎಂದು ಪಟ್ಟಿ ಹಾಕುತ್ತಿದ್ದಾರೆ.

ಸಂಪಾದಕರ ಉತ್ತರ: ತಾಯಿ, ಕೆನ್ನೆಗೆ ನೀವು ಇಡೀ ಪುಟ ಬರೆದಿದ್ದೀರಿ (ಇಲ್ಲಿ ಮೊಟಕುಗೊಳಿಸಿದ್ದೇವೆ), ಹಿಮ್ಮಡಿಗೆ ಅರ್ಧ ಸಾಲು. ನನ್ನ ಉತ್ತರ ತಿರುಗುಮುರುಗು.

ಕೆನ್ನೆಯದ್ದನ್ನು ಬೇಗ ಮುಗಿಸೋಣ. ಒಂದು ಮಚ್ಚೆ ಜೀವಮಾನದಲ್ಲಿ ಮೆಲನೋಮ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಆಗುವ ಸಾಧ್ಯತೆಯನ್ನು 2003ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ದರು: ಗಂಡಸರಲ್ಲಿ ಸುಮಾರು 3,000ಕ್ಕೆ ಒಂದು, ಹೆಂಗಸರಲ್ಲಿ 10,000ಕ್ಕೆ ಒಂದು. ಅದೂ ಬಿಸಿಲಿಗೆ ಬೇಗ ಸುಡುವ ಬಿಳಿ ಚರ್ಮದವರ ನಾಡಿನ ಲೆಕ್ಕ. ಮೆಲನೋಮಗಳಲ್ಲಿ ನೂರಕ್ಕೆ ಸುಮಾರು 70 ಹುಟ್ಟುವುದು ಮಚ್ಚೆಯೇ ಇರದ ಚರ್ಮದಲ್ಲಿ. ಕೂದಲು ಬಂದರೆ ಕೇಡಲ್ಲ. ವರ್ಷಗಟ್ಟಲೆ ನಿಧಾನಕ್ಕೆ ಮೆತ್ತಗೆ ಉಬ್ಬುವುದು ಮುಖದ ಮಚ್ಚೆಗಳ ಸಹಜ ನಡವಳಿಕೆ. ಎರಡು ಅರ್ಧ ಹೊಂದದಿರುವುದು, ಅಂಚು ಹರಿದಂತಿರುವುದು, ಬಣ್ಣ ಹಲವಾಗಿರುವುದು, ಅಗಲ 6 ಮಿ.ಮೀ. ದಾಟುವುದು, ಕೆಲವೇ ತಿಂಗಳಲ್ಲಿ ಬದಲಾಗುವುದು, ರಕ್ತ ಒಸರುವುದು: ಇವು ಕಂಡರೆ ಮಾತ್ರ ಕಾಯಬೇಡಿ. ಚರ್ಮವೈದ್ಯರು ಡರ್ಮೋಸ್ಕೋಪಿನಲ್ಲಿ (ಚರ್ಮವನ್ನು ಹಿಗ್ಗಿಸಿ ತೋರಿಸುವ ದೀಪದ ಮಸೂರ) ಒಮ್ಮೆ ನೋಡಲಿ. ಅಂದಕ್ಕೆಂದು ತೆಗೆಸುವುದು ನಿಮ್ಮಿಷ್ಟ, ಅದರಲ್ಲಿ ತಪ್ಪೇನಿಲ್ಲ.

ಆದರೆ ಸುಡಿಸಬೇಡಿ. ಲೇಸರಾಗಲಿ, ಸುಣ್ಣ ಸೋಡಾದ ಹಳ್ಳಿ ಮದ್ದಾಗಲಿ, ಬಣ್ಣವನ್ನು ಅಳಿಸುತ್ತದೆ, ಬುಡದ ಕೋಶಗಳನ್ನು ಉಳಿಸಬಹುದು. ಪ್ರಯೋಗಾಲಯಕ್ಕೆ ಕಳಿಸಲು ತುಣುಕು ಉಳಿಯುವುದಿಲ್ಲ. ಉಳಿದ ಕೋಶಗಳಿಂದ ಮತ್ತೆ ಕಪ್ಪು ಚಿಗುರಿದರೆ, ನಿರುಪದ್ರವಿ ಮಚ್ಚೆಯೂ ಸೂಕ್ಷ್ಮದರ್ಶಕದಡಿ ಮೆಲನೋಮದಂತೆ ಕಾಣುವುದುಂಟು. ನಿಜವಾದ ಮೆಲನೋಮವೇ ಆಗಿದ್ದರೆ ಇನ್ನೂ ಕಷ್ಟ, ಏಕೆಂದರೆ ಚಿಕಿತ್ಸೆ ನಿಂತಿರುವುದು ಅದರ ಆಳದ ಮೇಲೆ. 1970ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಬ್ರೆಸ್ಲೋ ತೋರಿಸಿಕೊಟ್ಟ ಅಳತೆ ಅದು. ಆಳ 1 ಮಿ.ಮೀ. ಒಳಗಿದ್ದರೆ ಸುತ್ತ 1 ಸೆಂ.ಮೀ. ಚರ್ಮ ಸೇರಿಸಿ ಕತ್ತರಿಸುತ್ತಾರೆ, 2 ಮಿ.ಮೀ. ದಾಟಿದರೆ 2 ಸೆಂ.ಮೀ. ಸುಟ್ಟ ಬೂದಿಯಲ್ಲಿ ಆಳ ಅಳೆಯುವುದು ಹೇಗೆ? ಹತ್ತು ನಿಮಿಷದಲ್ಲಿ ಮಚ್ಚೆ ಮಾಯ ಎಂಬ ಫಲಕ ಬೀದಿಬೀದಿಗೆ ತೂಗುತ್ತಿದೆ, ‘ಬಯಾಪ್ಸಿ’ (ತುಣುಕು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು) ಎಂಬ ಪದ ಅದರಲ್ಲಿ ಎಲ್ಲೂ ಇರುವುದಿಲ್ಲ.

ಇನ್ನು ಹಿಮ್ಮಡಿ. ನಮ್ಮಂಥ ಕಂದು ಚರ್ಮದವರಲ್ಲಿ ಮೆಲನೋಮವೇ ಅಪರೂಪ. ಬಂದಾಗ ಅದು ಹೆಚ್ಚಾಗಿ ಕೂರುವುದು ಅಂಗಾಲು, ಅಂಗೈ, ಉಗುರಿನಡಿ. ಬಿಸಿಲಿಗೂ ಇದಕ್ಕೂ ಅಷ್ಟು ನಂಟಿಲ್ಲ, ಸನ್‌ಸ್ಕ್ರೀನ್ ಕಾಯುವುದಿಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಮೆಲನೋಮವನ್ನು ಫುಟ್‌ಬಾಲ್ ಆಟದ ಗಾಯವೆಂದೇ ಎಣಿಸಿದ್ದರಂತೆ. 1977ರಲ್ಲಿ ಪತ್ತೆಯಾಯಿತು, 1981ರಲ್ಲಿ 36ನೇ ವಯಸ್ಸಿಗೆ ಆತ ತೀರಿಕೊಂಡ. ನಮ್ಮಲ್ಲಿ ಇದನ್ನು ಆಣಿ, ಮುಳ್ಳು ಚುಚ್ಚಿದ್ದು, ಸಕ್ಕರೆ ಕಾಯಿಲೆಯ ಹುಣ್ಣು ಎಂದುಕೊಂಡೇ ತಿಂಗಳುಗಳು ಉರುಳುತ್ತವೆ. ಚರ್ಮದ ಕ್ಯಾನ್ಸರಿನ ಭಿತ್ತಿಪತ್ರ ನೋಡಿ: ಬೆಳ್ಳಗಿನ ಬೆನ್ನಿನ ಮೇಲಿನ ಮಚ್ಚೆಯದೇ ಚಿತ್ರ. ಚಪ್ಪಲಿ ಬಿಚ್ಚಿ ಕಾಲು ತೋರಿಸಿ ಎನ್ನುವ ವೈದ್ಯರೂ ಕಡಿಮೆ, ಕಾಲು ಮುಂದೆ ಚಾಚಲು ಸಂಕೋಚಪಡುವ ಹಿರಿಯರೇ ಹೆಚ್ಚು.

ಅತ್ತೆಯವರ ಪಟ್ಟಿಯನ್ನು ಇಂದೇ ಕೀಳಿಸಿ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಚರ್ಮವನ್ನು ಬಿಳಿಚಿಸಿ ಸುಲಿದು, ಕಲೆಯ ಗುರುತನ್ನೇ ಕೆಡಿಸುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ಈ ವಾರವೇ ಚರ್ಮವೈದ್ಯರಲ್ಲಿ ಕರೆದೊಯ್ಯಿರಿ. ಅಂಗಾಲಿನ ಗೆರೆಗಳ ತಗ್ಗಿನಲ್ಲಿ ಬಣ್ಣ ನಿಂತಿದ್ದರೆ ಸಾಮಾನ್ಯವಾಗಿ ಮಚ್ಚೆ; ದಿಬ್ಬದ ಮೇಲೆ ಹರಡಿದ್ದರೆ ಅನುಮಾನ. ಡರ್ಮೋಸ್ಕೋಪು ಅದನ್ನು ಬಿಡಿಸಿ ತೋರಿಸುತ್ತದೆ. ಮೆಲನೋಮ ಕಪ್ಪಿಲ್ಲದೆ ಕೆಂಪಗೆ ಮಾಯದ ಹುಣ್ಣಾಗಿಯೂ ಬರುವುದರಿಂದ, ಅನುಮಾನವಿದ್ದರೆ ಬಯಾಪ್ಸಿ ಮಾಡಿಸಲೇಬೇಕು.

ಉಗುರುಗಳನ್ನೂ ನೋಡಿ. ಪೆಟ್ಟಿನ ರಕ್ತದ ಕಲೆ ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ, ಕಾಲ್ಬೆರಳಿನಲ್ಲಿ ತಿಂಗಳಿಗೆ ಸುಮಾರು ಒಂದೂವರೆ ಮಿ.ಮೀ. ಹಲವು ಉಗುರುಗಳಲ್ಲಿ ತೆಳ್ಳನೆ ಕಂದು ಗೆರೆ ನಮ್ಮವರಲ್ಲಿ ಮಾಮೂಲು. ಒಂದೇ ಉಗುರಿನಲ್ಲಿ ಹೊಸ ಗೆರೆ ಅಗಲವಾಗುತ್ತ, ಬಣ್ಣ ಸುತ್ತಲಿನ ಚರ್ಮಕ್ಕೂ ಇಳಿದಿದ್ದರೆ ತಡಮಾಡಬೇಡಿ. ಹೋಗುವ ಮುನ್ನ ಉಗುರುಬಣ್ಣ ಒರೆಸಿ. ಮದರಂಗಿ ಅಂಗಾಲಿಗಂತೂ ಬೇಡ.