ಚಿನ್ನದ ಅದಿರಿನಲ್ಲಿ ಪೈರೈಟ್ ಯಾಕೆ ಜೊತೆಗೇ ಸಿಗುತ್ತದೆ?

ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದಂತೆ ಹೊಳೆಯುವ ಖನಿಜ. ಅದಕ್ಕೂ ಚಿನ್ನಕ್ಕೂ ನಂಟು ಹಾಕುವುದು ಗಂಧಕ. ಭೂಮಿಯ ಆಳದಲ್ಲಿ 250ರಿಂದ 400 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಬಂಡೆಯ ಬಿರುಕುಗಳಲ್ಲಿ ಮೇಲೇರುತ್ತಿರುತ್ತದೆ. ಬರೀ ನೀರಿನಲ್ಲಿ ಚಿನ್ನ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ, ಒಂದು ಚಿನ್ನದ ಅಯಾನು ಎರಡು ಬೈಸಲ್ಫೈಡ್ (ಗಂಧಕ, ಹೈಡ್ರೋಜನ್ ಸೇರಿದ) ಅಯಾನುಗಳ ಜೊತೆ ಸೇರಿ ಕರಗಿ ಸಾಗುತ್ತದೆ.

ಈಗ ದಾರಿಯಲ್ಲಿ ಕಬ್ಬಿಣ ಹೆಚ್ಚಿರುವ ಬಂಡೆ ಸಿಕ್ಕಿತು ಅನ್ನಿ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿರುವುದು ಅಂಥದ್ದೇ, ರೂಪಾಂತರಗೊಂಡ ಬಸಾಲ್ಟ್. ಬಂಡೆಯ ಕಬ್ಬಿಣ ನೀರಿನ ಗಂಧಕವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ (ಹಟ್ಟಿಯಲ್ಲಿ ಆರ್ಸೆನಿಕ್ ಕೂಡ ಸೇರಿದ ಆರ್ಸೆನೋಪೈರೈಟ್ ಖನಿಜವೂ ಇದೆ). ಹೊತ್ತುಕೊಂಡಿದ್ದ ಗಂಧಕವೇ ಕೈಬಿಟ್ಟ ಮೇಲೆ ಚಿನ್ನ ಅಲ್ಲೇ ಇಳಿಯಬೇಕು. ಒತ್ತಡ ದಿಢೀರ್ ಕುಸಿದು ನೀರು ಕುದಿದರೂ ಫಲ ಅದೇ: ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಹಾರಿಹೋಗುತ್ತದೆ.

ಎಲ್ಲ ಚಿನ್ನವೂ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ನೆವಾಡಾದ ಕಾರ್ಲಿನ್ ಅದಿರಿನಲ್ಲಿ ಅದು ಪೈರೈಟ್ ಹರಳಿನ ಅಂಚಿನ ಆರ್ಸೆನಿಕ್ ಭರಿತ ಪದರದೊಳಗೇ ಅಡಗಿರುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದು. ಹಾಗೆಂದು ಪೈರೈಟ್ ಕಂಡಲ್ಲೆಲ್ಲ ಅಗೆಯಬೇಡಿ, ಕಲ್ಲಿದ್ದಲಿನಲ್ಲೂ ಪೈರೈಟ್ ಇರುತ್ತದೆ. ಕೈಯಲ್ಲಿರುವುದು ಯಾವುದೆಂದು ಅನುಮಾನವಿದ್ದರೆ ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಗೀಚಿ: ಚಿನ್ನ ಹಳದಿ ಗೆರೆ ಬಿಡುತ್ತದೆ, ಪೈರೈಟ್ ಹಸಿರು ಮಿಶ್ರಿತ ಕಪ್ಪು.