ಪ್ರತಿಕ್ರಿಯೆ: ಕಾಗಾ ಕೈಯಿಂದ ಆ ಹುಡುಗೀನ ಬಿಡಿಸೋದು

ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮ್‌ನಲ್ಲಿ ಕಾಗಾ ಅನ್ನೋ ಡ್ರೂಯಿಡ್ (ಕಾಡಿನ ಮಾಂತ್ರಿಕೆ) ಹಾವಿನ ಕಾವಲಲ್ಲಿ ಹಿಡಿದಿಟ್ಟಿರೋ ಹುಡುಗಿ ಅರಬೆಲ್ಲಾನ ಕತ್ತಿ ಎಳೆಯದೆ, ಬರೀ ಮಾತಲ್ಲೇ ಉಳಿಸೋಕೆ ಆಗತ್ತಾ, ಮೂರು ಸಲವೂ ಆ ಹಾವು ಕಚ್ಚಿ ಸತ್ಲು ಅಂತ ಕೇಳಿದ್ರಿ. ಆಗತ್ತೆ ಮಾರಾಯ್ರೆ. ನಾನೂ ಅಲ್ಲೇ ಒದ್ದಾಡಿದವನು.

ಮಾತಾಡೋಕೆ ಮುಂದೆ ಹೋಗಿದ್ದು ನಿಮ್ಮ ತಂಡದ ಯೋಧೆ ಲೇಜೆಲ್ ಅಂದ್ರಲ್ಲ, ಎಡವಟ್ಟು ಆಗಿರೋದು ಅಲ್ಲೇ. ಮಾತು ಗೆಲ್ಲತ್ತೋ ಇಲ್ವೋ ಅನ್ನೋದನ್ನ ಆಟದಲ್ಲಿ ದಾಳ ಹಾಕಿ ನೋಡ್ತಾರೆ. ಅವಳ ಕರಿಷ್ಮಾ (ಜನರನ್ನ ಸೆಳೆಯೋ ಗುಣದ ಅಂಕ) 8, ಅಂದ್ರೆ ದಾಳದಲ್ಲಿ ಬಿದ್ದಿದ್ದರಿಂದ ಒಂದು ಕಳೀತಾರೆ. ಜಗಳದ ಮನೆಗೆ ಬಾಯಿ ಜೋರಿರೋ ಚಿಕ್ಕಪ್ಪನ್ನ ಸಂಧಾನಕ್ಕೆ ಕಳಿಸಿದ ಹಾಗೆ! ಕರಿಷ್ಮಾ 16 ಇದ್ದು ಪರ್ಸುಯೇಷನ್ (ಮನವೊಲಿಸೋ ಕಲೆ) ಕಲಿತವರಾದ್ರೆ ಶುರುವಿನ ಲೆವೆಲ್‌ನಲ್ಲೇ 5 ಕೂಡತ್ತೆ. ಮಾತು ಶುರು ಮಾಡಿದವರ ಅಂಕವೇ ಲೆಕ್ಕ, ಹಾಗಾಗಿ ಅವರನ್ನೇ ಮುಂದೆ ನಡೆಸಿ, ಉಳಿದವರು ಹಿಂದೆ.

ಗೈಡೆನ್ಸ್ ಮಂತ್ರ ಇರೋರು ಪಕ್ಕದಲ್ಲೇ ಇರಲಿ. ದಾಳ ಉರುಳಿಸೋ ಪರದೆಯಲ್ಲೇ ಅದನ್ನ ಒತ್ತಬಹುದು, 1ರಿಂದ 4ರವರೆಗೆ ಇನ್ನಷ್ಟು ಸೇರತ್ತೆ. ನಾನು ಮೊದಲು ಆ ಬಟನ್ ನೋಡೇ ಇರಲಿಲ್ಲ. ದಾಳದಲ್ಲಿ 9 ಬಿತ್ತು, ಹಾವು ಕಚ್ಚಿತು, ಅದೇ ಹೊತ್ತಿಗೆ ತೀರ್ಥಹಳ್ಳಿ ಮಳೆಗೆ ಕರೆಂಟೂ ಹೋಯ್ತು. ಯುಪಿಎಸ್ ಕೀಂಯ್ ಕೀಂಯ್ ಅಂತಿತ್ತು, ಸೇವ್ ಮಾಡಿರಲಿಲ್ಲ. ಆಮೇಲಿಂದ ಯಾವ ಬಾಗಿಲು ದಾಟೋಕೂ ಮುಂಚೆ ಎಫ್5 ಒತ್ತಿ ಸೇವ್.

ಆದ್ರೂ ಸೋತ್ರೆ ಇನ್‌ಸ್ಪಿರೇಷನ್ (ಆಟದಲ್ಲಿ ಗಳಿಸೋ ಅಂಕ) ಖರ್ಚು ಮಾಡಿ ಮತ್ತೆ ದಾಳ ಹಾಕಿ. ನಾಲ್ಕಕ್ಕಿಂತ ಹೆಚ್ಚು ಕೂಡಿಡೋಕೆ ಬರಲ್ಲ, ಜಿಪುಣತನ ಬೇಡ. 1 ಬಿದ್ರೆ ಮಾತ್ರ ಎಷ್ಟು ಕೂಡಿಸಿದ್ರೂ ಸೋಲೇ.

ಹುಡುಗಿ ಉಳಿದ್ರೆ ಅವಳ ಅಪ್ಪ ಅಮ್ಮನ್ನ ಮಾತಾಡಿಸೋದು ಮರೀಬೇಡಿ, ಅಮ್ಮ ಒಂದು ಲಾಕೆಟ್ ಕೊಡ್ತಾಳೆ.