ಎಕ್ಸ್‌ರೇ ಸರಿ ಇದೆ ಅಂತ ಸುಮ್ನಿರಬೇಡಿ

ಬೆಂಗಳೂರಿನ ಜಯನಗರದ ಫುಟ್‌ಪಾತ್‌ನಲ್ಲಿ ಮುರಿದ ಚಪ್ಪಡಿಗೆ ಎಡವಿ ಕೈಯೂರಿ ಬಿದ್ದಿರಿ, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಐದು ದಿನವಾದರೂ ನೋವಿದೆ, ಪಾಲಿಕೆಯಿಂದ ಪರಿಹಾರ ಸಿಗುತ್ತಾ ಅಂತ ಕೇಳಿದ್ದೀರಿ.

ಪರಿಹಾರ ಆಮೇಲೆ, ಮೊದಲು ಕೈ ನೋಡಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಒತ್ತಿದರೆ ನೋವಾಗುತ್ತಾ? ಹಾಗಿದ್ದರೆ ಮೂಳೆ ಡಾಕ್ಟರ್ ಹತ್ತಿರ ಮತ್ತೆ ಹೋಗಿ. ಅಲ್ಲಿ ಸ್ಕ್ಯಾಫಾಯ್ಡ್ ಅನ್ನುವ ಪುಟ್ಟ ಮೂಳೆಯಿದೆ. ಅದರ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. 10-14 ದಿನ ಬಿಟ್ಟು ಮತ್ತೆ ತೆಗೆಸುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಆ ಮೂಳೆಗೆ ರಕ್ತ ಹರಿಯುವುದು ಕಡಿಮೆ, ಹಾಗೇ ಬಿಟ್ಟರೆ ಕೂಡಿಕೊಳ್ಳದೆ ಹೋಗಬಹುದು. ಅಲ್ಲಿಯವರೆಗೆ ಎಣ್ಣೆ ಹಚ್ಚಿ ನೀವಿಸಿಕೊಳ್ಳಬೇಡಿ.

ಜಾಗದ ಫೋಟೋ ಇವತ್ತೇ ತೆಗೆಸಿ, ಪಕ್ಕದ ಅಂಗಡಿ ಬೋರ್ಡೂ ಕಾಣಲಿ. ದೂರು ಹೋದ ಮೇಲೆ ಚಪ್ಪಡಿ ರಾತ್ರೋರಾತ್ರಿ ಸರಿಯಾಗಿಬಿಡಬಹುದು (ಬೇರೆ ಹೊತ್ತಲ್ಲಿ ನಮಗೆ ಆ ಭಾಗ್ಯ ಇಲ್ಲ ಬಿಡಿ). ಆಮೇಲೆ ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಎಲ್ಲಿ, ಹೇಗೆ ಬಿದ್ದಿರಿ ಅನ್ನುವುದನ್ನು ಆಸ್ಪತ್ರೆ ಚೀಟಿಯಲ್ಲೂ ಬರೆಸಿ.

ಪರಿಹಾರ ಸಿಗಬಹುದು, ಆದರೆ ಓಡಾಟ ಜಾಸ್ತಿ. ಸರಿಯಾದ ಫುಟ್‌ಪಾತ್ ಪಾದಚಾರಿಗಳ ಹಕ್ಕು, ಅದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಈಗ ಬಿಬಿಎಂಪಿ ಇಲ್ಲ, ಐದು ಪಾಲಿಕೆಗಳಿವೆ. ಪರಿಹಾರ ಕೇಳುವ ನೋಟಿಸ್ ನಿಮ್ಮ ಭಾಗದ ಪಾಲಿಕೆಗೇ ಹೋಗಬೇಕು. ನೀವು ಬಿದ್ದ ಜಾಗದಲ್ಲಿ ಅಗೆದು ಬಿಟ್ಟವರು ಜಲಮಂಡಳಿಯವರೋ ಕೇಬಲ್‌ನವರೋ ಅಂತ ಅಂಗಡಿಯವರನ್ನೇ ವಿಚಾರಿಸಿ, ಅಗೆದವರನ್ನೂ ನೋಟಿಸಿನಲ್ಲಿ ಸೇರಿಸಬೇಕಾಗುತ್ತದೆ. ಇಂಥ ನೋಟಿಸಿಗೆ ಗಡುವು ಇರುವುದರಿಂದ ವಕೀಲರನ್ನು ಈ ವಾರವೇ ನೋಡಿ.